ಬ್ರೌಸರ್ ತೆರೆಯುತ್ತದೆ, ಬಿಲ್ಲಿಂಗ್ ತಂತ್ರಾಂಶ ಮಾತ್ರ ಸರ್ವರ್ ಮುಟ್ಟುವುದಿಲ್ಲ: ಕಾಣೆಯಾದ ಎನ್‌ಕ್ರಿಪ್ಷನ್ ಲೈಬ್ರರಿಯನ್ನು ಪತ್ತೆ ಮಾಡುವ ಬಗೆ

ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿ ಸಿಮೆಂಟ್ ಮತ್ತು ಕಬ್ಬಿಣದ ವ್ಯಾಪಾರ ಮಾಡುವ ಹಿರಿಯರೊಬ್ಬರ ಅಂಗಡಿಯಿಂದ ಒಂದು ಮಧ್ಯಾಹ್ನ ಕರೆ ಬಂತು. ಯಾದಗಿರಿಗೆ ಹೊರಡಬೇಕಾದ ಲಾರಿಗೆ 300 ಚೀಲ ಸಿಮೆಂಟ್ ತುಂಬಿಸಿ ಆಗಿತ್ತು. ಸರಕಿನ ಬೆಲೆ 50,000 ರೂಪಾಯಿ ದಾಟಿದ್ದರಿಂದ ಸರಕು ಸಾಗಿಸಲು ಆನ್‌ಲೈನ್‌ನಲ್ಲಿ ಪಡೆಯುವ ಜಿಎಸ್‌ಟಿ ದಾಖಲೆಯಾದ ಇ-ವೇ ಬಿಲ್ ಇಲ್ಲದೆ ಲಾರಿಯನ್ನು ರಸ್ತೆಗೆ ಬಿಡುವಂತಿರಲಿಲ್ಲ. ಅಂಗಡಿಯ ಬಿಲ್ಲಿಂಗ್ ತಂತ್ರಾಂಶದಲ್ಲಿ ಬಿಲ್ ತಯಾರಾಗಿತ್ತು, ಪ್ರಿಂಟ್ ಕೂಡ ಬಂದಿತ್ತು. ಆದರೆ ಇ-ವೇ ಬಿಲ್ ಬಟನ್ ಒತ್ತಿದ ಕೂಡಲೇ ‘ಕುಡ್ ನಾಟ್ ಲೋಡ್ ಎಸ್‌ಎಸ್‌ಎಲ್ ಲೈಬ್ರರಿ’ ಎಂಬ ಒಂದು ಸಾಲು ಪರದೆಯ ಮೇಲೆ ಮೂಡಿ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. “ನೆಟ್ ಛಲೋ ಅದ ರೀ ಸರ್, ಬ್ರೌಸರ್‌ದಾಗ ಎಲ್ಲಾ ತೆರಿಲತ್ತದ, ಇದೊಂದೇ ಬರವಲ್ದು” ಎಂದರು ಅವರು.

ಆ ಹೊತ್ತಿಗೆ ಬ್ರೌಸರ್‌ನಲ್ಲೇ ಇ-ವೇ ಬಿಲ್ ಪೋರ್ಟಲ್ ತೆರೆದು ವಿವರಗಳನ್ನು ಕೈಯಿಂದ ತುಂಬುವಂತೆ ಹೇಳಿದೆ, ಲಾರಿ ಹೊರಟಿತು. ಆಮೇಲೆ ನಾನು ಅಂಗಡಿಗೆ ಹೋದೆ. ಅವರು ಫೋನಿನಲ್ಲಿ ಹೇಳಿದ ಆ ಒಂದು ಮಾತಿನಲ್ಲಿಯೇ ರೋಗದ ಮುಖ್ಯ ಲಕ್ಷಣವಿತ್ತು. ಬ್ರೌಸರ್‌ನಲ್ಲಿ ಎಲ್ಲವೂ ತೆರೆಯುತ್ತದೆ ಎಂದರೆ ಕೇಬಲ್, ರೂಟರ್, ಇಂಟರ್ನೆಟ್ ಸಂಪರ್ಕ ಇವೆಲ್ಲ ಸರಿಯಾಗಿವೆ ಎಂದು ಮಾತ್ರ ತಿಳಿಯುತ್ತದೆ. ಅದೇ ಕಂಪ್ಯೂಟರಿನಲ್ಲಿರುವ ಬೇರೊಂದು ತಂತ್ರಾಂಶವು ಸುರಕ್ಷಿತವಾಗಿ ಸರ್ವರ್ ಜೊತೆ ಮಾತನಾಡಬಲ್ಲದೇ ಎಂಬುದು ಅದರಿಂದ ತಿಳಿಯುವುದಿಲ್ಲ. ಏಕೆಂದರೆ ಬ್ರೌಸರ್‌ಗಳು ಎನ್‌ಕ್ರಿಪ್ಷನ್‌ಗೆ, ಅಂದರೆ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸುವುದಕ್ಕೆ, ಬೇಕಾದ ಸಾಮಗ್ರಿಯನ್ನು ತಮ್ಮೊಳಗೇ ಇಟ್ಟುಕೊಂಡಿರುತ್ತವೆ. ಕ್ರೋಮ್ ತನ್ನೊಂದಿಗೆ ಬೋರಿಂಗ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯನ್ನು (ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡಿನ ಕಟ್ಟು) ಹೊತ್ತು ಬರುತ್ತದೆ, ಫೈರ್‌ಫಾಕ್ಸ್ ಎನ್‌ಎಸ್‌ಎಸ್ ಎಂಬುದನ್ನು. ಬಿಲ್ಲಿಂಗ್ ತಂತ್ರಾಂಶಕ್ಕೆ ಅದರಲ್ಲಿ ಪಾಲಿಲ್ಲ. ಅದು ತನಗೆ ಬೇಕಾದ ಲೈಬ್ರರಿಯನ್ನು ತಾನೇ ಹುಡುಕಿಕೊಳ್ಳಬೇಕು. ಈ ವ್ಯತ್ಯಾಸ ತಿಳಿಯದೆ ಇಂಟರ್ನೆಟ್ ಕಂಪನಿಗೆ ದೂರು ಕೊಟ್ಟು, ರೂಟರ್ ಬದಲಿಸಿ, ಇಡೀ ದಿನ ಕಳೆದವರನ್ನು ನಾನು ಕಂಡಿದ್ದೇನೆ.

ಸುರಕ್ಷಿತ ಸಂಪರ್ಕಕ್ಕೆ ಪ್ರತ್ಯೇಕ ಲೈಬ್ರರಿ ಏಕೆ ಬೇಕು ಎಂಬುದನ್ನು ತಿಳಿಯಲು ನಮ್ಮ ಕಡೆಯ ದನದ ಸಂತೆಯನ್ನು ನೆನಪಿಸಿಕೊಳ್ಳಬಹುದು. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಮರೆಯಲ್ಲಿ ಒಬ್ಬರ ಬೆರಳನ್ನು ಒಬ್ಬರು ಹಿಡಿದು ದರ ಕುದುರಿಸುತ್ತಾರೆ. ಸುತ್ತ ನಿಂತ ಹತ್ತು ಜನಕ್ಕೆ ವ್ಯವಹಾರ ನಡೆಯುತ್ತಿದೆ ಎಂದು ಕಾಣುತ್ತದೆಯೇ ಹೊರತು ದರ ಎಷ್ಟೆಂದು ತಿಳಿಯುವುದಿಲ್ಲ. ಎಚ್‌ಟಿಟಿಪಿಎಸ್ ಎಂಬ ಸುರಕ್ಷಿತ ಸಂಪರ್ಕದ ಮೊದಲಲ್ಲಿ ನಡೆಯುವ ಹ್ಯಾಂಡ್‌ಶೇಕ್ ಎಂಬ ಹಂತವೂ ಹೀಗೆಯೇ ಇದೆ. ನಿಮ್ಮ ತಂತ್ರಾಂಶವು ತನಗೆ ಗೊತ್ತಿರುವ ಟಿಎಲ್‌ಎಸ್ (ಸುರಕ್ಷಿತ ಸಂಪರ್ಕದ ನಿಯಮಾವಳಿ, ಎಸ್‌ಎಸ್‌ಎಲ್‌ನ ಮುಂದಿನ ರೂಪ) ಆವೃತ್ತಿಗಳನ್ನೂ ಗೂಢಲಿಪಿಯ ವಿಧಾನಗಳನ್ನೂ ಸರ್ವರ್‌ಗೆ ತಿಳಿಸುತ್ತದೆ. ಸರ್ವರ್ ಅವುಗಳಲ್ಲಿ ತನಗೆ ಒಪ್ಪಿಗೆಯಾದದ್ದನ್ನು ಆರಿಸಿ, ತಾನು ಯಾರೆಂದು ತೋರಿಸುವ ಸರ್ಟಿಫಿಕೇಟನ್ನು ಕಳಿಸುತ್ತದೆ. ಬಳಿಕ ಇಬ್ಬರೂ ಆ ಒಂದು ಸಂಪರ್ಕಕ್ಕೆ ಮಾತ್ರ ಸಲ್ಲುವ ರಹಸ್ಯ ಕೀಲಿಯೊಂದನ್ನು ಲೆಕ್ಕ ಹಾಕಿಕೊಳ್ಳುತ್ತಾರೆ. ಬೆರಳಿನ ಭಾಷೆ ಎರಡೂ ಕಡೆಗೆ ಗೊತ್ತಿರಬೇಕು. ಆ ಭಾಷೆಯನ್ನು ಬಲ್ಲದ್ದೇ ಲೈಬ್ರರಿ. ಅದು ಇಲ್ಲದಿದ್ದರೆ ಟವೆಲ್ಲಿನ ಕೆಳಗೆ ಕೈ ಚಾಚಲು ಆಳೇ ಇಲ್ಲದಂತಾಗುತ್ತದೆ.

ಡೆಸ್ಕ್‌ಟಾಪ್ ತಂತ್ರಾಂಶಗಳು ಈ ಕೆಲಸಕ್ಕೆ ಹೆಚ್ಚಾಗಿ ನೆಚ್ಚಿಕೊಂಡಿರುವುದು ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ಲೈಬ್ರರಿಯನ್ನು. 1998ರ ಕೊನೆಯಲ್ಲಿ ಆರಂಭವಾದ ಈ ಯೋಜನೆಯು ಅದಕ್ಕೂ ಮೊದಲಿದ್ದ ಎಸ್‌ಎಸ್‌ಎಲ್‌ಇಎವೈ ಎಂಬುದರ ಮುಂದುವರಿಕೆ. ಹೆಸರಿನಲ್ಲಿರುವ ‘ಇಎವೈ’ ಎಂಬುದು ಅದನ್ನು ಬರೆದ ಎರಿಕ್ ಎ. ಯಂಗ್ ಅವರ ಹೆಸರಿನ ಮೊದಲಕ್ಷರಗಳು. ಹಾಗಾಗಿಯೇ ವಿಂಡೋಸ್‌ನಲ್ಲಿ ಬಹುಕಾಲ ಈ ಲೈಬ್ರರಿ ‘ಲಿಬ್‌ಇಎವೈ32’ ಮತ್ತು ‘ಎಸ್‌ಎಸ್‌ಎಲ್‌ಇಎವೈ32’ ಎಂಬ ಎರಡು ಡಿಎಲ್‌ಎಲ್ ಫೈಲ್‌ಗಳ (ವಿಂಡೋಸ್‌ನಲ್ಲಿ ಲೈಬ್ರರಿಗಳಿರುವ ಫೈಲ್ ಬಗೆ) ರೂಪದಲ್ಲಿ ಬರುತ್ತಿತ್ತು. ಮೊದಲನೆಯದು ಗಣಿತದ ಕೆಲಸ ಮಾಡುತ್ತದೆ, ಅಂದರೆ ಎಇಎಸ್, ಆರ್‌ಎಸ್‌ಎ, ಎಸ್‌ಎಚ್‌ಎ ಮುಂತಾದ ಗೂಢಲಿಪಿಯ ಲೆಕ್ಕಾಚಾರಗಳನ್ನು. ಎರಡನೆಯದು ಆ ಲೆಕ್ಕಗಳನ್ನು ಬಳಸಿಕೊಂಡು ಸರ್ವರ್ ಜೊತೆಗಿನ ಮಾತುಕತೆಯನ್ನು ಕ್ರಮವಾಗಿ ನಡೆಸುತ್ತದೆ. ಎರಡನೆಯದಕ್ಕೆ ಮೊದಲನೆಯದು ಬೇಕೇ ಬೇಕು, ಮತ್ತು ಎರಡೂ ಒಂದೇ ಆವೃತ್ತಿಯವಾಗಿರಬೇಕು. ಒಂದು ಫೈಲನ್ನು ಹಳೆಯ ಸಿಡಿಯಿಂದಲೂ ಇನ್ನೊಂದನ್ನು ಪೆನ್‌ಡ್ರೈವ್‌ನಿಂದಲೂ ತಂದು ಜೋಡಿ ಮಾಡಿದರೆ, ಫೋಲ್ಡರ್‌ನಲ್ಲಿ ಎರಡೂ ಹೆಸರುಗಳು ಕಾಣುತ್ತವೆ, ಆದರೂ ಕೆಲಸ ನಡೆಯುವುದಿಲ್ಲ.

ಇಷ್ಟು ಅಗತ್ಯವಾದ ಫೈಲ್‌ಗಳನ್ನು ತಂತ್ರಾಂಶದ ಜೊತೆಗೇ ಕೊಡುವುದಿಲ್ಲವೇಕೆ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಸ್ವಲ್ಪ ಹಿಂದಿನದು. ಅಮೆರಿಕವು ಬಲವಾದ ಎನ್‌ಕ್ರಿಪ್ಷನ್ ತಂತ್ರಾಂಶದ ರಫ್ತಿನ ಮೇಲೆ ಬಿಗಿಯಾದ ನಿರ್ಬಂಧ ಹೇರಿದ್ದ ಕಾಲವಿತ್ತು. 1990ರ ದಶಕದಲ್ಲಿ ಹೊರದೇಶಗಳಿಗೆ ಕಳಿಸುವ ಬ್ರೌಸರ್‌ಗಳಲ್ಲಿ 40 ಬಿಟ್‌ನ ದುರ್ಬಲ ಕೀಲಿಯೇ ಇರುತ್ತಿತ್ತು. 2000ದಲ್ಲಿ ಆ ನಿಯಮಗಳನ್ನು ಬಹುಮಟ್ಟಿಗೆ ಸಡಿಲಿಸಿದರೂ, ಪ್ರೋಗ್ರಾಮಿಂಗ್ ಸಲಕರಣೆಗಳನ್ನು ತಯಾರಿಸುವವರು ಎನ್‌ಕ್ರಿಪ್ಷನ್ ಭಾಗವನ್ನು ತಮ್ಮ ಪ್ಯಾಕೇಜಿನಿಂದ ಹೊರಗಿಡುವ ರೂಢಿಯನ್ನು ಬಿಡಲಿಲ್ಲ. ತಂತ್ರಾಂಶ ಬರೆಯಲು ಬಳಸುವ ಕ್ಯೂಟಿ ಎಂಬ ಪ್ರಸಿದ್ಧ ಚೌಕಟ್ಟಿನ ಕೈಪಿಡಿಯಲ್ಲಿಯೇ, ಆಮದು ಮತ್ತು ರಫ್ತಿನ ನಿರ್ಬಂಧಗಳಿರುವ ಕಾರಣ ಓಪನ್‌ಎಸ್‌ಎಸ್‌ಎಲ್ ಅನ್ನು ಜೊತೆಗೆ ಕೊಡಲಾಗುತ್ತಿಲ್ಲ ಎಂಬ ವಿವರಣೆ ಬಹುಕಾಲ ಇತ್ತು. ಇದರೊಂದಿಗೆ ಓಪನ್‌ಎಸ್‌ಎಸ್‌ಎಲ್‌ನ ಹಳೆಯ ಪರವಾನಗಿಯೂ ಜಿಪಿಎಲ್ ಎಂಬ ಮುಕ್ತ ಪರವಾನಗಿಯ ತಂತ್ರಾಂಶಗಳಿಗೆ ತೊಡಕಾಗಿತ್ತು, 3.0 ಆವೃತ್ತಿಯಿಂದ ಅದು ಅಪಾಚೆ 2.0 ಪರವಾನಗಿಗೆ ಬದಲಾಯಿತು. ಹೀಗೆ ಸಲಕರಣೆ ಕೊಟ್ಟವರು ಲೈಬ್ರರಿ ಕೊಡಲಿಲ್ಲ, ಅದನ್ನು ಸೇರಿಸುವ ಹೊಣೆ ತಂತ್ರಾಂಶ ಬರೆದವರ ಮೇಲೆ ಬಿತ್ತು, ಅವರಲ್ಲಿ ಕೆಲವರು ಆ ಹೊಣೆಯನ್ನು ಇನ್‌ಸ್ಟಾಲ್ ಮಾಡಲು ಬರುವ ಹುಡುಗನಿಗೆ ಬಿಟ್ಟರು.

ಅಂಗಡಿಯ ಕಂಪ್ಯೂಟರಿನಲ್ಲಿ ಆಗಿದ್ದು ಇದರ ನೇರ ಫಲ. ಹಿಂದಿನ ವಾರ ಅದು ನಿಧಾನವಾಗಿದೆ ಎಂದು ಫಾರ್ಮ್ಯಾಟ್ ಮಾಡಿಸಿ, 64 ಬಿಟ್‌ನ ವಿಂಡೋಸ್ 10 ಹಾಕಿಸಿದ್ದರು. ಬಿಲ್ಲಿಂಗ್ ತಂತ್ರಾಂಶದ ಫೋಲ್ಡರನ್ನು ಮೊದಲೇ ಪೆನ್‌ಡ್ರೈವ್‌ಗೆ ತೆಗೆದುಕೊಂಡು, ಆಮೇಲೆ ಇದ್ದ ಜಾಗಕ್ಕೇ ಮರಳಿ ಹಾಕಿದ್ದರಿಂದ ತಂತ್ರಾಂಶ ತೆರೆಯಿತು, ಹಳೆಯ ಲೆಕ್ಕವೆಲ್ಲ ಸಿಕ್ಕಿತು, ಎಲ್ಲರಿಗೂ ಸಮಾಧಾನವಾಯಿತು. ಆದರೆ ಹಲವು ವರ್ಷಗಳ ಹಿಂದೆ ಮೊದಲ ಸಲ ಇನ್‌ಸ್ಟಾಲ್ ಮಾಡಿದವರು ಆ ಎರಡು ಡಿಎಲ್‌ಎಲ್‌ಗಳನ್ನು ತಂತ್ರಾಂಶದ ಫೋಲ್ಡರ್‌ನಲ್ಲಿ ಇಡದೆ ವಿಂಡೋಸ್‌ನ ಸ್ವಂತ ಫೋಲ್ಡರ್‌ನಲ್ಲಿ ಇಟ್ಟಿದ್ದರು. ಫಾರ್ಮ್ಯಾಟ್‌ನಲ್ಲಿ ಅವು ಅಳಿಸಿಹೋದವು.

ಲೈಬ್ರರಿ ಇಲ್ಲದಿದ್ದರೂ ತಂತ್ರಾಂಶ ತೆರೆದದ್ದು ಹೇಗೆ ಎಂಬುದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಜನ ಮೋಸ ಹೋಗುವುದು ಇಲ್ಲಿಯೇ. ಒಂದು ತಂತ್ರಾಂಶವು ಡಿಎಲ್‌ಎಲ್ ಅನ್ನು ಎರಡು ಬಗೆಯಲ್ಲಿ ಕೇಳಬಹುದು. ತಾನು ತೆರೆಯುವ ಹೊತ್ತಿಗೇ ಇಂತಿಂಥ ಫೈಲ್ ಬೇಕು ಎಂದು ವಿಂಡೋಸ್‌ಗೆ ಮೊದಲೇ ಪಟ್ಟಿ ಕೊಟ್ಟಿದ್ದರೆ, ಆ ಫೈಲ್ ಇಲ್ಲದಾಗ ತಂತ್ರಾಂಶ ತೆರೆಯುವುದೇ ಇಲ್ಲ. ಯಾವ ಫೈಲ್ ಇಲ್ಲ ಎಂಬುದನ್ನು ವಿಂಡೋಸ್ ಹೆಸರು ಹಿಡಿದು ಹೇಳುತ್ತದೆ, ತೊಂದರೆ ಅಲ್ಲಿಯೇ ಸ್ಪಷ್ಟವಾಗುತ್ತದೆ. ಎರಡನೆಯ ಬಗೆಯಲ್ಲಿ, ಮೊದಲ ಸುರಕ್ಷಿತ ಸಂಪರ್ಕ ಬೇಕಾದ ಗಳಿಗೆಯಲ್ಲಿ ಮಾತ್ರ ತಂತ್ರಾಂಶವು ಲೈಬ್ರರಿಯನ್ನು ಹುಡುಕಲು ಹೋಗುತ್ತದೆ. ಅಲ್ಲಿಯವರೆಗೆ ಬಿಲ್ ಆಗುತ್ತದೆ, ಸ್ಟಾಕ್ ತೋರುತ್ತದೆ, ಪ್ರಿಂಟರ್ ಓಡುತ್ತದೆ. ಡೆಲ್ಫಿ ಭಾಷೆಯಲ್ಲಿ ಇಂಡಿ ಎಂಬ ಘಟಕಗಳನ್ನು ಬಳಸಿ ಬರೆದ ತಂತ್ರಾಂಶಗಳು ಈ ಎರಡನೆಯ ಬಗೆಯವು, ಮತ್ತು ಆರಂಭದಲ್ಲಿ ಹೇಳಿದ ದೋಷದ ಸಾಲು ಆ ಇಂಡಿಯದ್ದೇ.

ಫಾರ್ಮ್ಯಾಟ್ ಮಾಡಿದ ಹುಡುಗ ಸುಮ್ಮನೆ ಕೈಕಟ್ಟಿ ಕುಳಿತಿರಲಿಲ್ಲ. ದೋಷದ ಸಾಲನ್ನು ಹುಡುಕಾಟದಲ್ಲಿ ಹಾಕಿ, ಎರಡು ಡಿಎಲ್‌ಎಲ್‌ಗಳು ಬೇಕೆಂದು ಸರಿಯಾಗಿಯೇ ತಿಳಿದುಕೊಂಡು, ಅವನ್ನು ಎಲ್ಲಿಂದಲೋ ಇಳಿಸಿ ‘ಸಿಸ್ಟಮ್32’ ಫೋಲ್ಡರ್‌ಗೆ ಹಾಕಿದ್ದ. ಫೈಲ್ ಕಣ್ಣೆದುರಿಗೇ ಇದ್ದರೂ ತಂತ್ರಾಂಶ ಇಲ್ಲ ಎನ್ನುತ್ತಿದೆಯಲ್ಲ ಎಂಬುದು ಅವನ ಗೊಂದಲ, ಮತ್ತು ಆ ಗೊಂದಲ ಪೂರ್ತಿ ನ್ಯಾಯವಾದದ್ದು. ಇಲ್ಲಿ ವಿಂಡೋಸ್‌ನ ಹೆಸರುಗಳೇ ದಾರಿ ತಪ್ಪಿಸುತ್ತವೆ. ವಿಂಡೋಸ್ ತಂತ್ರಾಂಶಗಳಲ್ಲಿ ಹಳೆಯ 32 ಬಿಟ್, ಹೊಸ 64 ಬಿಟ್ ಎಂಬ ಎರಡು ಬಗೆಗಳಿವೆ. 64 ಬಿಟ್‌ನ ವಿಂಡೋಸ್‌ನಲ್ಲಿ ಸಿಸ್ಟಮ್32 ಎಂಬ ಫೋಲ್ಡರ್‌ನಲ್ಲಿರುವುದು 64 ಬಿಟ್‌ನ ಫೈಲ್‌ಗಳು. 32 ಬಿಟ್‌ನ ಫೈಲ್‌ಗಳಿರುವುದು ‘ಸಿಸ್‌ವಾವ್64’ ಎಂಬ ಫೋಲ್ಡರ್‌ನಲ್ಲಿ. 32 ಬಿಟ್‌ನ ತಂತ್ರಾಂಶವೊಂದು ಸಿಸ್ಟಮ್32ರಲ್ಲಿ ನೋಡು ಎಂದು ಕೇಳಿದರೆ, ವಿಂಡೋಸ್ ಅದಕ್ಕೆ ಹೇಳದೆಯೇ ಸಿಸ್‌ವಾವ್64ಕ್ಕೆ ಕರೆದೊಯ್ಯುತ್ತದೆ. ಆದ್ದರಿಂದ ನಮ್ಮ ಬಿಲ್ಲಿಂಗ್ ತಂತ್ರಾಂಶವು ಆ ಹುಡುಗ ಇಟ್ಟ ಫೈಲ್‌ಗಳನ್ನು ನೋಡಲೇ ಇಲ್ಲ. ನೋಡಿದ್ದರೂ ಪ್ರಯೋಜನವಿರಲಿಲ್ಲ, ಏಕೆಂದರೆ ಅವು 64 ಬಿಟ್‌ನವು, 32 ಬಿಟ್‌ನ ತಂತ್ರಾಂಶದೊಳಗೆ 64 ಬಿಟ್‌ನ ಡಿಎಲ್‌ಎಲ್ ಸೇರುವುದಿಲ್ಲ, ಅದರ ತಿರುವುಮುರುವೂ ಆಗದು. ‘ಲಿಬ್‌ಇಎವೈ32’ ಎಂಬ ಹೆಸರಿನ ಕೊನೆಯಲ್ಲಿರುವ 32 ಕೂಡ ಏನನ್ನೂ ಖಚಿತಪಡಿಸುವುದಿಲ್ಲ. 64 ಬಿಟ್‌ನ ಫೈಲಿಗೂ ಅದೇ ಹೆಸರು.

ತಂತ್ರಾಂಶ ಎಷ್ಟು ಬಿಟ್‌ನದು ಎಂದು ತಿಳಿಯಲು ಊಹೆ ಬೇಡ. ಟಾಸ್ಕ್ ಮ್ಯಾನೇಜರ್‌ನ ‘ಡೀಟೇಲ್ಸ್’ ಪುಟದಲ್ಲಿ ಮೇಲಿನ ತಲೆಬರಹದ ಮೇಲೆ ಬಲ ಕ್ಲಿಕ್ ಮಾಡಿ ‘ಪ್ಲಾಟ್‌ಫಾರ್ಮ್’ ಎಂಬ ಕಾಲಂ ಸೇರಿಸಿದರೆ, ಪ್ರತಿಯೊಂದು ತಂತ್ರಾಂಶದ ಎದುರಿಗೂ 32 ಅಥವಾ 64 ಎಂದು ಕಾಣುತ್ತದೆ. ನಮ್ಮದರ ಎದುರಿಗೆ 32 ಇತ್ತು.

ನಂತರ ನಾನು ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಪ್ರೊಸೆಸ್ ಮಾನಿಟರ್ ಎಂಬ ಸಲಕರಣೆಯನ್ನು ತೆರೆದೆ. ಒಂದು ತಂತ್ರಾಂಶವು ಯಾವ ಗಳಿಗೆಯಲ್ಲಿ ಯಾವ ಫೈಲನ್ನು ಎಲ್ಲಿ ಹುಡುಕಿತು ಎಂಬುದನ್ನು ಸಾಲು ಸಾಲಾಗಿ ತೋರಿಸುವ ಈ ಸಲಕರಣೆಯನ್ನು, ಇಂಥ ತೊಂದರೆಗಳಲ್ಲಿ, ಬೇರೆಲ್ಲಕ್ಕಿಂತ ಹೆಚ್ಚಾಗಿ ನಾನು ನಂಬುತ್ತೇನೆ. ಬಿಲ್ಲಿಂಗ್ ತಂತ್ರಾಂಶದ ಹೆಸರನ್ನು ಫಿಲ್ಟರ್‌ನಲ್ಲಿ ಹಾಕಿ, ಹಾದಿಯಲ್ಲಿ ‘ಇಎವೈ’ ಎಂಬ ಅಕ್ಷರಗಳಿರುವ ಸಾಲುಗಳನ್ನು ಮಾತ್ರ ತೋರಿಸುವಂತೆ ಮಾಡಿ, ಆ ಹಿರಿಯರಿಗೆ ಇ-ವೇ ಬಿಲ್ ಬಟನ್ ಒತ್ತಲು ಹೇಳಿದೆ. ಪರದೆಯ ಮೇಲೆ ಸಾಲುಗಳು ಒಂದರ ಕೆಳಗೊಂದು ಬಂದವು: ಮೊದಲು ತಂತ್ರಾಂಶದ ಸ್ವಂತ ಫೋಲ್ಡರ್, ಆಮೇಲೆ ಸಿಸ್‌ವಾವ್64, ಆಮೇಲೆ ವಿಂಡೋಸ್‌ನ ಮುಖ್ಯ ಫೋಲ್ಡರ್, ಕೊನೆಗೆ ಪಾತ್ ಎಂಬ ವ್ಯವಸ್ಥೆಯ ಪಟ್ಟಿಯಲ್ಲಿರುವ ಫೋಲ್ಡರ್‌ಗಳು. ಪ್ರತಿಯೊಂದರ ಎದುರಿಗೂ ‘ನೇಮ್ ನಾಟ್ ಫೌಂಡ್’ ಎಂಬ ಒಂದೇ ಫಲಿತಾಂಶ. ಪಕ್ಕದಲ್ಲಿ ನಿಂತಿದ್ದ ಹುಡುಗ ಸಿಸ್‌ವಾವ್64 ಎಂಬ ಸಾಲಿನ ಮೇಲೆ ಬೆರಳಿಟ್ಟು, “ಇಲ್ಲಿ ನೋಡ್ಲತ್ತದೇನ್ರಿ ಇದು?” ಎಂದ. ನಾನು ಬಾಯಿಮಾತಿನಲ್ಲಿ ಎಷ್ಟು ವಿವರಿಸಿದ್ದರೂ ಆ ಒಂದು ಸಾಲಿನಷ್ಟು ಸ್ಪಷ್ಟವಾಗುತ್ತಿರಲಿಲ್ಲ.

ಹುಡುಕುವ ಈ ಕ್ರಮದಲ್ಲಿ ತಂತ್ರಾಂಶದ ಸ್ವಂತ ಫೋಲ್ಡರ್ ಮೊದಲು ಬರುತ್ತದೆ ಎಂಬುದನ್ನು ಗಮನಿಸಬೇಕು. ಲೈಬ್ರರಿಯ ಫೈಲ್‌ಗಳನ್ನು ಇಡಬೇಕಾದ ಸರಿಯಾದ ಜಾಗ ಅದೇ, ತಂತ್ರಾಂಶದ ಎಕ್ಸಿಕ್ಯೂಟಬಲ್ ಫೈಲ್ ಇರುವ ಫೋಲ್ಡರ್. ವಿಂಡೋಸ್‌ನ ಫೋಲ್ಡರ್‌ಗೆ ಹಾಕಿದರೆ ಎರಡು ಕೆಡುಕುಗಳಿವೆ. ಫಾರ್ಮ್ಯಾಟ್ ಆದಾಗ ಅವು ಹೋಗುತ್ತವೆ ಎಂಬುದು ಒಂದು. ಇನ್ನೊಂದು ಹೆಚ್ಚು ಸೂಕ್ಷ್ಮವಾದದ್ದು: ಅದೇ ಹೆಸರಿನ ಫೈಲನ್ನು ಬೇರೊಂದು ತಂತ್ರಾಂಶವೂ ಅಲ್ಲಿಂದಲೇ ಎತ್ತಿಕೊಳ್ಳುತ್ತಿರಬಹುದು, ನೀವು ಒಂದಕ್ಕಾಗಿ ಆವೃತ್ತಿ ಬದಲಿಸಿದರೆ ಇನ್ನೊಂದು ಕೆಡುತ್ತದೆ, ಮತ್ತು ಕೆಟ್ಟದ್ದು ಏಕೆಂದು ಯಾರಿಗೂ ಹೊಳೆಯುವುದಿಲ್ಲ.

ಲೋಡ್ ಆಗದಿರುವುದಕ್ಕೆ ವಿಂಡೋಸ್ ಕೊಡುವ ದೋಷಸಂಖ್ಯೆ ಕೆಲವು ತಂತ್ರಾಂಶಗಳಲ್ಲಿ ಕಾಣಸಿಗುತ್ತದೆ, ಸಿಕ್ಕರೆ ಅದು ಬಹಳ ಹೇಳುತ್ತದೆ. 193 ಎಂದಿದ್ದರೆ ಬಿಟ್‌ಗಳ ಹೊಂದಾಣಿಕೆ ತಪ್ಪಿದೆ ಎಂದು ಬಹುಪಾಲು ಖಚಿತ. 127 ಎಂದಿದ್ದರೆ ಫೈಲ್ ಸಿಕ್ಕಿದೆ, ಆದರೆ ತಂತ್ರಾಂಶ ಕೇಳಿದ ಫಂಕ್ಷನ್ (ಒಂದು ನಿರ್ದಿಷ್ಟ ಕೆಲಸ ಮಾಡುವ ಕೋಡಿನ ಭಾಗ) ಅದರಲ್ಲಿಲ್ಲ, ಅಂದರೆ ಆವೃತ್ತಿ ಬೇರೆ. 126 ಎಂದರೆ ಫೈಲ್ ಸಿಗಲಿಲ್ಲ ಎಂದರ್ಥ, ಆದರೆ ಯಾವ ಫೈಲ್ ಎಂಬಲ್ಲಿ ಎಚ್ಚರ ಬೇಕು: ಓಪನ್‌ಎಸ್‌ಎಸ್‌ಎಲ್‌ನ ಡಿಎಲ್‌ಎಲ್ ಸರಿಯಾದ ಜಾಗದಲ್ಲಿಯೇ ಇದ್ದು, ಅದಕ್ಕೆ ಬೇಕಾದ ಇನ್ನೊಂದು ಡಿಎಲ್‌ಎಲ್ ಇಲ್ಲದಿದ್ದಾಗಲೂ ಇದೇ ಸಂಖ್ಯೆ ಬರುತ್ತದೆ. ಹೊಸ ಓಪನ್‌ಎಸ್‌ಎಸ್‌ಎಲ್‌ನ ಹಲವು ಸಿದ್ಧ ಪ್ರತಿಗಳಿಗೆ ಮೈಕ್ರೋಸಾಫ್ಟ್‌ನ ‘ವಿಸಿರನ್‌ಟೈಮ್140’ ಎಂಬ ಫೈಲ್ ಬೇಕಾಗುತ್ತದೆ, ಅದು ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಎಂಬ ಪ್ಯಾಕೇಜಿನ ಜೊತೆ ಬರುತ್ತದೆ. ಹೊಸದಾಗಿ ಫಾರ್ಮ್ಯಾಟ್ ಮಾಡಿದ ಯಂತ್ರದಲ್ಲಿ ಆ ಪ್ಯಾಕೇಜ್ ಇಲ್ಲದಿರುವ ಸಾಧ್ಯತೆ ಹೆಚ್ಚು. ಅದರಲ್ಲಿಯೂ 32 ಬಿಟ್‌ನ ತಂತ್ರಾಂಶಕ್ಕೆ ಎಕ್ಸ್86 ಎಂದು ಬರೆದ ಪ್ಯಾಕೇಜನ್ನೇ ಹಾಕಬೇಕು, ಯಂತ್ರ 64 ಬಿಟ್‌ನದಾಗಿದ್ದರೂ ಸಹ.

ಅಂಗಡಿಯವರ ಹಳೆಯ ಬ್ಯಾಕಪ್ ಪೆನ್‌ಡ್ರೈವ್‌ನಲ್ಲಿ ಆ ಎರಡು ಫೈಲ್‌ಗಳ 32 ಬಿಟ್‌ನ ಪ್ರತಿ ಸಿಕ್ಕಿತು. ತಂತ್ರಾಂಶದ ಫೋಲ್ಡರ್‌ಗೆ ಹಾಕಿ ಬಟನ್ ಒತ್ತಿದಾಗ ಹಿಂದಿನ ದೋಷ ಮಾಯವಾಗಿ ಹೊಸ ಸಾಲೊಂದು ಬಂತು, ಅದರ ಕೊನೆಯಲ್ಲಿ ‘ಅಲರ್ಟ್ ಪ್ರೊಟೋಕಾಲ್ ವರ್ಷನ್’ ಎಂದಿತ್ತು. ಆ ಹಿರಿಯರ ಮುಖ ಬಾಡಿತು. ಆದರೆ ದೋಷದ ಸಾಲು ಬದಲಾಗುವುದು ಒಳ್ಳೆಯ ಸೂಚನೆ. ಮೊದಲು ಲೈಬ್ರರಿಯೇ ಇರಲಿಲ್ಲ. ಈಗ ಲೈಬ್ರರಿ ಇದೆ, ಸರ್ವರ್‌ವರೆಗೆ ಹೋಗಿದೆ, ಸರ್ವರ್ ಅದರ ಭಾಷೆ ಹಳೆಯದೆಂದು ತಿರಸ್ಕರಿಸಿದೆ. ಫೈಲಿನ ಪ್ರಾಪರ್ಟೀಸ್‌ನಲ್ಲಿ ನೋಡಿದರೆ 0.9.8 ಎಂಬ ಆವೃತ್ತಿ. ಟಿಎಲ್‌ಎಸ್ 1.0 ಎಂಬುದು 1999ರದು, 1.2 ಎಂಬುದು 2008ರದು, 1.3 ಎಂಬುದು 2018ರದು, 1.0 ಮತ್ತು 1.1 ಇವೆರಡನ್ನೂ ಬಳಸಬಾರದೆಂದು 2021ರಲ್ಲಿ ಅಧಿಕೃತವಾಗಿ ಘೋಷಿಸಲಾಗಿದೆ, ಈಗಿನ ಬಹುಪಾಲು ಸರ್ವರ್‌ಗಳು ಅವನ್ನು ಒಪ್ಪುವುದಿಲ್ಲ. ಓಪನ್‌ಎಸ್‌ಎಸ್‌ಎಲ್‌ಗೆ ಟಿಎಲ್‌ಎಸ್ 1.2 ಬಂದದ್ದು 2012ರ 1.0.1 ಆವೃತ್ತಿಯಲ್ಲಿ. ಹಾಗಾಗಿ 0.9.8ರ ಫೈಲ್ ಎಷ್ಟೇ ಸರಿಯಾದ ಜಾಗದಲ್ಲಿದ್ದರೂ ಅದಕ್ಕೆ ಇಂದಿನ ಬೆರಳಿನ ಭಾಷೆ ಬಾರದು. ತಂತ್ರಾಂಶದ ಒಳಗೆ ಟಿಎಲ್‌ಎಸ್ 1.0 ಒಂದನ್ನೇ ಕೇಳುವಂತೆ ಬರೆದಿದ್ದರೆ ಹೊಸ ಡಿಎಲ್‌ಎಲ್ ಹಾಕಿದರೂ ಇದೇ ಸಾಲು ಬರುತ್ತದೆ ಎಂಬುದನ್ನೂ ನೆನಪಿಡಬೇಕು. ಇಂಡಿ ಘಟಕದ ಮೂಲ ಹೊಂದಿಕೆ ಹಾಗೆಯೇ ಇದೆ, ಅದನ್ನು ಬರೆದವರೇ ಬದಲಿಸಬೇಕು. ನಮ್ಮ ತಂತ್ರಾಂಶ ಪುಣ್ಯಕ್ಕೆ ಲಭ್ಯವಿರುವ ಅತ್ಯುನ್ನತ ಆವೃತ್ತಿಯನ್ನು ಕೇಳುತ್ತಿತ್ತು.

0.9.8ರಿಂದ 1.0.2ರವರೆಗೆ ಫೈಲ್‌ಗಳ ಹೆಸರು ಒಂದೇ ಆಗಿದ್ದರಿಂದ ಹೆಸರು ನೋಡಿ ಆವೃತ್ತಿ ತಿಳಿಯುವಂತಿರಲಿಲ್ಲ. 2016ರಲ್ಲಿ ಬಂದ 1.1.0ರಿಂದ ಹೆಸರಿನಲ್ಲಿಯೇ ಆವೃತ್ತಿ ಸೇರಿತು: ‘ಲಿಬ್‌ಎಸ್‌ಎಸ್‌ಎಲ್-1_1’ ಮತ್ತು ‘ಲಿಬ್‌ಕ್ರಿಪ್ಟೋ-1_1’, 64 ಬಿಟ್‌ನದಾದರೆ ಕೊನೆಯಲ್ಲಿ ‘ಎಕ್ಸ್64’ ಎಂಬ ಬಾಲ. 2021ರ ಸೆಪ್ಟೆಂಬರಿನಲ್ಲಿ ಬಂದ 3.0ರಿಂದ ಅದೇ ಹೆಸರುಗಳಲ್ಲಿ 1_1ರ ಜಾಗದಲ್ಲಿ 3. ಇವು ಬರಿಯ ಹೆಸರಿನ ಬದಲಾವಣೆಗಳಲ್ಲ, ಒಳಗಿನ ಫಂಕ್ಷನ್‌ಗಳೂ ಬದಲಾಗಿವೆ. 1.1ರ ಫೈಲಿಗೆ ಹಳೆಯ ಹೆಸರಿಟ್ಟು ಹಳೆಯ ತಂತ್ರಾಂಶಕ್ಕೆ ಕೊಟ್ಟರೆ ನಡೆಯುವುದಿಲ್ಲ. ತಂತ್ರಾಂಶ ಯಾವ ಪೀಳಿಗೆಯನ್ನು ಕೇಳುತ್ತದೆಯೋ ಆ ಪೀಳಿಗೆಯ ಕೊನೆಯ ಆವೃತ್ತಿಯನ್ನು ಕೊಡುವುದೇ ದಾರಿ. ನಮ್ಮದಕ್ಕೆ 1.0.2u, ಅದು 2019ರ ಡಿಸೆಂಬರಿನದು. ಅದನ್ನು ಹಾಕಿದ ಮೇಲೆ ಇ-ವೇ ಬಿಲ್‌ನ ಸಂಖ್ಯೆ ಪರದೆಗೆ ಬಂತು.

ಆ ಫೈಲ್‌ಗಳನ್ನು ಎಲ್ಲಿಂದ ತರಬೇಕು ಎಂಬ ವಿಷಯದಲ್ಲಿ ನಾನು ಕಟ್ಟುನಿಟ್ಟು. ಓಪನ್‌ಎಸ್‌ಎಸ್‌ಎಲ್ ಯೋಜನೆ ಹಂಚುವುದು ಸೋರ್ಸ್ ಕೋಡನ್ನು. ಸಿದ್ಧ ಡಿಎಲ್‌ಎಲ್‌ಗಳನ್ನು ತಯಾರಿಸುವವರು ಬೇರೆ. ಮೊದಲು ಕೇಳಬೇಕಾದದ್ದು ತಂತ್ರಾಂಶ ಕೊಟ್ಟವರನ್ನು. ಅವರಿಂದ ಸಿಗದಿದ್ದರೆ, ತಂತ್ರಾಂಶ ಬರೆಯಲು ಬಳಸಿದ ಚೌಕಟ್ಟಿನವರು ಸೂಚಿಸುವ ಜಾಗದಿಂದ ತರಬೇಕು. ಡಿಎಲ್‌ಎಲ್ ಒಂದೊಂದನ್ನೇ ಬಿಡಿಯಾಗಿ ಇಳಿಸಿಕೊಡುವ ತಾಣಗಳಿಂದ ಎಂದಿಗೂ ತರಬಾರದು. ಈ ಲೈಬ್ರರಿಯ ಮೂಲಕ ನಿಮ್ಮ ಜಿಎಸ್‌ಟಿ ವ್ಯವಹಾರದ ಪಾಸ್‌ವರ್ಡ್, ಗ್ರಾಹಕರ ವಿವರ, ಸರಕಿನ ಮೊತ್ತ ಎಲ್ಲವೂ ಎನ್‌ಕ್ರಿಪ್ಟ್ ಆಗುವ ಮುನ್ನ ಬಿಚ್ಚಿದ ರೂಪದಲ್ಲಿ ಹಾದುಹೋಗುತ್ತವೆ. ಬೇರೆ ಯಾವುದೇ ಡಿಎಲ್‌ಎಲ್‌ಗಿಂತ ಇದರ ಮೇಲೆ ಹೆಚ್ಚು ಅನುಮಾನ ಇರಬೇಕು. ಕೊಟ್ಟವರು ಎಸ್‌ಎಚ್‌ಎ-256 ಮೊತ್ತವನ್ನು (ಫೈಲಿನ ಬೆರಳಚ್ಚಿನಂಥ ಗುರುತು) ಪ್ರಕಟಿಸಿದ್ದರೆ, ವಿಂಡೋಸ್‌ನಲ್ಲಿಯೇ ಇರುವ ‘ಸರ್ಟ್‌ಯುಟಿಲ್’ ಆಜ್ಞೆಯ ‘ಹ್ಯಾಶ್‌ಫೈಲ್’ ಆಯ್ಕೆಯಿಂದ ನಿಮ್ಮ ಪ್ರತಿಯ ಮೊತ್ತ ತೆಗೆದು ಹೋಲಿಸಲು ಒಂದು ನಿಮಿಷ ಸಾಕು. ಹಳೆಯ ಪ್ರತಿಗಳಲ್ಲಿ ಇನ್ನೊಂದು ಅಪಾಯವಿದೆ. 1.0.1ರಿಂದ 1.0.1fವರೆಗಿನ ಆವೃತ್ತಿಗಳಲ್ಲಿ 2014ರ ಏಪ್ರಿಲ್‌ನಲ್ಲಿ ಬಯಲಾದ, ಮೆಮೊರಿಯಲ್ಲಿರುವ ಗುಟ್ಟುಗಳನ್ನು ಸೋರಿಸುವ ಹಾರ್ಟ್‌ಬ್ಲೀಡ್ ಎಂಬ ದೋಷವಿದೆ. ಕೆಲಸ ನಡೆಯಿತಲ್ಲ ಎಂದು ಅಂಥ ಪ್ರತಿಯನ್ನು ಉಳಿಸಿಕೊಳ್ಳಬಾರದು.

ಲಿನಕ್ಸ್‌ನಲ್ಲಿಯೂ ಇದೇ ತೊಂದರೆ ಬೇರೆ ವೇಷದಲ್ಲಿ ಬರುತ್ತದೆ. ಯಾದಗಿರಿಯ ಕಾಲೇಜೊಂದರ ಲ್ಯಾಬ್‌ನಲ್ಲಿ ಕಂಪ್ಯೂಟರ್‌ಗಳನ್ನು ಉಬುಂಟು 22.04ಕ್ಕೆ ಏರಿಸಿದ ಬಳಿಕ ಹಳೆಯ ತಂತ್ರಾಂಶವೊಂದು ‘ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.1’ ಸಿಗಲಿಲ್ಲ ಎಂದು ನಿಂತುಬಿಟ್ಟಿತ್ತು. ಆ ಉಬುಂಟು ಆವೃತ್ತಿಯಲ್ಲಿ ಇರುವುದು ಓಪನ್‌ಎಸ್‌ಎಸ್‌ಎಲ್ 3, ಹಳೆಯ 1.1 ಅದರಲ್ಲಿಲ್ಲ. ಅಲ್ಲಿನ ಸಿಬ್ಬಂದಿ ಹೊಸ ಫೈಲಿಗೆ ಹಳೆಯ ಹೆಸರಿನ ಸಾಂಕೇತಿಕ ಲಿಂಕ್ ಮಾಡಿದ್ದರು, ಫಲ ಸಿಕ್ಕಿರಲಿಲ್ಲ: ತಂತ್ರಾಂಶ ಫೈಲಿನ ಹೆಸರಿನ ಜೊತೆಗೆ ಅದರೊಳಗಿನ ಪ್ರತಿ ಫಂಕ್ಷನ್‌ನ ಆವೃತ್ತಿ ಗುರುತನ್ನೂ ಕೇಳುತ್ತದೆ. ‘ಎಲ್‌ಡಿಡಿ’ ಆಜ್ಞೆಯಿಂದ ಯಾವ ಲೈಬ್ರರಿ ಸಿಗುತ್ತಿಲ್ಲ ಎಂದು ನೋಡಿ, ಆ ತಂತ್ರಾಂಶದ ಹೊಸ ಆವೃತ್ತಿಯನ್ನೇ ಹಾಕುವುದು ಸರಿಯಾದ ದಾರಿ. 1.1.1ಕ್ಕೆ 2023ರ ಸೆಪ್ಟೆಂಬರ್ 11ರ ನಂತರ ಸಾರ್ವಜನಿಕ ಭದ್ರತಾ ತಿದ್ದುಪಡಿಗಳು ನಿಂತಿವೆಯಾದ್ದರಿಂದ ಅದನ್ನು ಹೊರಗಿನಿಂದ ತಂದು ತುರುಕುವುದು ಕೆಲದಿನಗಳ ಮಟ್ಟಿಗೆ ಮಾತ್ರ. ಪೈಥಾನ್ ಬಳಸುವವರಿಗೆ ‘ಎಸ್‌ಎಸ್‌ಎಲ್ ಮಾಡ್ಯೂಲ್ ಲಭ್ಯವಿಲ್ಲ’ ಎಂದು ಬಂದರೆ, ವಿಂಡೋಸ್‌ನಲ್ಲಿ ಅನಕೊಂಡಾ ಎಂಬ ಪೈಥಾನ್ ಪ್ಯಾಕೇಜನ್ನು ‘ಆಕ್ಟಿವೇಟ್’ ಮಾಡದೆ ನೇರವಾಗಿ ಓಡಿಸಿದ್ದಾರೆಯೇ ಎಂದು ಮೊದಲು ನೋಡಬೇಕು. ಹಾಗೆ ಓಡಿಸಿದರೆ ಅದರ ಲೈಬ್ರರಿ ಫೋಲ್ಡರ್ ಪಾತ್‌ನಲ್ಲಿ ಇರುವುದಿಲ್ಲ.

ಲೈಬ್ರರಿ ಲೋಡ್ ಆಗಿ, ಆವೃತ್ತಿಯೂ ಹೊಂದಿ, ಇನ್ನೂ ಸಂಪರ್ಕ ಆಗದಿದ್ದರೆ ಮಾತು ಸರ್ಟಿಫಿಕೇಟ್‌ಗೆ ಬಂದಿದೆ ಎಂದರ್ಥ. ಬೀದರ್‌ನ ಅಂಗಡಿಯೊಂದರಲ್ಲಿ ಬೆಳಿಗ್ಗೆ ಮಾತ್ರ ಬರುತ್ತಿದ್ದ ಇಂಥ ದೋಷಕ್ಕೆ ಕಾರಣ ಮದರ್‌ಬೋರ್ಡಿನ ಮೇಲಿನ ಸಿಆರ್2032 ಬಟನ್ ಸೆಲ್. ಅದು ಸತ್ತುಹೋಗಿತ್ತು, ರಾತ್ರಿ ಮೇನ್ ಸ್ವಿಚ್ ಆರಿಸಿದರೆ ಕಂಪ್ಯೂಟರಿನ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತಿತ್ತು, ಆ ದಿನಾಂಕಕ್ಕೆ ಸರ್ವರ್‌ನ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇರಲಿಲ್ಲ. ಸೆಲ್ ಬದಲಿಸಿದ ಮೇಲೆ ದೋಷ ಮತ್ತೆ ಬರಲಿಲ್ಲ. ಓಪನ್‌ಎಸ್‌ಎಸ್‌ಎಲ್ ಸಾಮಾನ್ಯವಾಗಿ ವಿಂಡೋಸ್‌ನ ನಂಬುಗೆಯ ಸರ್ಟಿಫಿಕೇಟ್‌ಗಳ ಪಟ್ಟಿಯನ್ನು ತಾನಾಗಿ ಓದುವುದಿಲ್ಲ, ತನ್ನದೇ ಒಂದು ಪಟ್ಟಿಯ ಫೈಲನ್ನು ಬಯಸುತ್ತದೆ. ಅದು ಹಳೆಯದಾದರೂ ತೊಂದರೆಯೇ. 2021ರ ಸೆಪ್ಟೆಂಬರ್ 30ರಂದು ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ ಮೂಲ ಸರ್ಟಿಫಿಕೇಟಿನ ಅವಧಿ ಮುಗಿದಾಗ, ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಸರ್ಟಿಫಿಕೇಟ್ ಬಳಸುವ ಸರ್ವರ್‌ಗಳನ್ನು 1.0.2 ಇರುವ ಎಷ್ಟೋ ತಂತ್ರಾಂಶಗಳು ತಲುಪಲಾರದೆ ಹೋದದ್ದು ಹೀಗೆಯೇ. ಈ ಹಂತದಲ್ಲಿ ಬೇಸತ್ತು, ಸರ್ಟಿಫಿಕೇಟ್ ಪರಿಶೀಲನೆಯನ್ನೇ ಆರಿಸಿಬಿಡುವವರಿದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ. ಟವೆಲ್ಲಿನ ಕೆಳಗೆ ಹಿಡಿದ ಬೆರಳು ಯಾರದ್ದೆಂದು ನೋಡದೆ ದನದ ಹಗ್ಗ ಕೊಟ್ಟಂತೆ ಅದು.

ಸಿಮೆಂಟ್ ಅಂಗಡಿಯ ಕೆಲಸ 1.0.2uನಿಂದ ನಡೆಯಿತಾದರೂ, ಆ ಪೀಳಿಗೆಗೆ 2019ರ ಡಿಸೆಂಬರ್ 31ರಂದೇ ಸಾರ್ವಜನಿಕ ಬೆಂಬಲ ಮುಗಿದಿದೆ ಎಂಬುದನ್ನು ಹಿರಿಯರಿಗೆ ತಿಳಿಸಿ, ತಂತ್ರಾಂಶ ಬರೆದವರಿಗೆ ಪತ್ರ ಬರೆದೆ. ಇಂಥ ಪತ್ರದಲ್ಲಿ ‘ನೆಟ್ ಬರುತ್ತಿಲ್ಲ’ ಎಂದು ಬರೆದರೆ ಪ್ರಯೋಜನವಿಲ್ಲ. ದೋಷದ ಸಾಲು ಅಕ್ಷರಶಃ ಏನಿತ್ತು, ತಂತ್ರಾಂಶ ಎಷ್ಟು ಬಿಟ್‌ನದು, ಎರಡು ಡಿಎಲ್‌ಎಲ್‌ಗಳ ಆವೃತ್ತಿ ಯಾವುದು, ಅವು ಯಾವ ಫೋಲ್ಡರ್‌ನಿಂದ ಲೋಡ್ ಆದವು, ಬದಲಿಸಿದ ಮೇಲೆ ದೋಷ ಹೇಗೆ ಬದಲಾಯಿತು ಎಂಬುದನ್ನೆಲ್ಲ ಬರೆದು ಪ್ರೊಸೆಸ್ ಮಾನಿಟರ್‌ನ ಚಿತ್ರವನ್ನೂ ಸೇರಿಸಿದೆ. ಜೊತೆಗೆ ಒಂದು ಬೇಡಿಕೆ ಇಟ್ಟೆ. ಇಂಡಿಯಲ್ಲಿ ‘ವಿಚ್‌ಫೇಲ್ಡ್‌ಟುಲೋಡ್’ ಎಂಬ ಫಂಕ್ಷನ್ ಇದೆ, ಲೋಡ್ ಆಗದ ಫೈಲಿನ ಅಥವಾ ಅದರೊಳಗೆ ಸಿಗದ ಫಂಕ್ಷನ್‌ಗಳ ಹೆಸರನ್ನು ಅದು ಹೇಳುತ್ತದೆ. ಕ್ಯೂಟಿಯಲ್ಲಿ ‘ಸಪೋರ್ಟ್ಸ್‌ಎಸ್‌ಎಸ್‌ಎಲ್’ ಎಂಬುದಿದೆ. ತಂತ್ರಾಂಶ ತೆರೆದಾಗಲೇ ಇದನ್ನು ಕೇಳಿ, ಲೈಬ್ರರಿ ಇಲ್ಲದಿದ್ದರೆ ಆಗಲೇ ಹೇಳಿದ್ದರೆ, ತುಂಬಿದ ಲಾರಿ ಅಂಗಡಿಯ ಮುಂದೆ ನಿಲ್ಲುತ್ತಿರಲಿಲ್ಲ.

ಕೆಲವು ತಿಂಗಳ ನಂತರ ಹೊಸ ಆವೃತ್ತಿ ಬಂತು. ಅದರಲ್ಲಿ ಇಂಡಿಯ ಬದಲು ಡೆಲ್ಫಿಯಲ್ಲಿಯೇ ಇರುವ, ವಿಂಡೋಸ್‌ನ ಸ್ವಂತ ಎನ್‌ಕ್ರಿಪ್ಷನ್ ವ್ಯವಸ್ಥೆಯನ್ನು ಬಳಸುವ ಘಟಕವನ್ನು ಸೇರಿಸಿದ್ದರು. ಇನ್ನು ಆ ತಂತ್ರಾಂಶಕ್ಕೆ ಹೊರಗಿನ ಡಿಎಲ್‌ಎಲ್ ಬೇಕಿಲ್ಲ, ವಿಂಡೋಸ್ ಅಪ್‌ಡೇಟ್ ಆದಂತೆ ಅದೂ ಹೊಸದಾಗುತ್ತದೆ. ಹಳೆಯ ಎರಡು ಫೈಲ್‌ಗಳನ್ನು ಫೋಲ್ಡರ್‌ನಿಂದ ತೆಗೆದು, ಹುಡುಗ ಸಿಸ್ಟಮ್32ರಲ್ಲಿ ಇಟ್ಟಿದ್ದ ಆ ಗೊತ್ತುಗುರಿಯಿಲ್ಲದ ಪ್ರತಿಗಳನ್ನೂ ಅಳಿಸಿ, ಇ-ವೇ ಬಿಲ್ ಬಟನ್ ಒತ್ತಿದೆವು. ಸಂಖ್ಯೆ ಬಂತು, ಶಹಾಪುರಕ್ಕೆ ಹೊರಡಬೇಕಿದ್ದ ಕಬ್ಬಿಣದ ಲಾರಿಯ ಚಾಲಕ ಪ್ರಿಂಟ್ ತೆಗೆದುಕೊಂಡು ಹೊರಟ.